ಮರದ ರೆಕ್ಕೆಯ ಸಿಕಮೋರ್

ಹೆಲಿಕಾಪ್ಟರಿನ ಚರಿತ್ರೆ ಹೇಳಲು ಹೊರಟವರು ಸಾಮಾನ್ಯವಾಗಿ ಅಮೆರಿಕದ ಇಗೊರ್ ಸಿಕೋರ್ಸ್ಕಿಯಿಂದ ಶುರು ಮಾಡುತ್ತಾರೆ, ಕೊರಿಯಾ ಯುದ್ಧವನ್ನು ಮುಟ್ಟುತ್ತಾರೆ, ವಿಯೆಟ್ನಾಮಿಗೆ ಬಂದು ನಿಲ್ಲುತ್ತಾರೆ. ಇಂಗ್ಲೆಂಡಿನ ಬ್ರಿಸ್ಟಲ್ ಕಂಪನಿ ಮಾಡಿದ ಸಿಕಮೋರ್ ಎಂಬ ಹೆಲಿಕಾಪ್ಟರಿಗೆ ಆ ಕಥೆಯಲ್ಲಿ ಹೆಚ್ಚೆಂದರೆ ಎರಡು ಸಾಲು ಸಿಗುತ್ತದೆ. ತಯಾರಾದದ್ದು ಒಟ್ಟು 180, ಅಮೆರಿಕದ ಲೆಕ್ಕದಲ್ಲಿ ಅದೊಂದು ಸಂಖ್ಯೆಯೇ ಅಲ್ಲ. ಆದರೂ ಇವತ್ತಿನ ಮಾತಿಗೆ ನಾನು ಅದನ್ನೇ ಆರಿಸಿಕೊಂಡಿದ್ದೇನೆ. ಒಂದು ಯಂತ್ರದಲ್ಲಿ ಅತ್ಯಂತ ಸೂಕ್ಷ್ಮವಾದ ಜಾಣ್ಮೆಯೂ, ಜೀವ ತೆಗೆಯುವಂಥ ದೌರ್ಬಲ್ಯವೂ ಒಂದಕ್ಕೊಂದು ಗೇಣಿನ ಅಂತರದಲ್ಲಿ ಕೂತಿರುವುದನ್ನು ನೋಡಬೇಕಾದರೆ ಸಿಕಮೋರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಜಾಣ್ಮೆ ಇದ್ದದ್ದು ತಲೆಯ ಮೇಲೆ ಸುತ್ತುವ ಬ್ಲೇಡಿನ ಬುಡದಲ್ಲಿ. ದೌರ್ಬಲ್ಯ ಇದ್ದದ್ದು ಬ್ಲೇಡಿನಲ್ಲೇ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿ ಮುಂದೆ ಹೋಗುತ್ತೇನೆ. ಸಿಕಮೋರ್ ಬ್ರಿಟನ್ನಿನಲ್ಲಿ ಹಾರಿದ ಮೊದಲ ಹೆಲಿಕಾಪ್ಟರ್ ಎಂದು ಕೆಲವೆಡೆ ಬರೆದಿರುತ್ತಾರೆ. ಅದು ಸರಿಯಲ್ಲ. ಸ್ಕಾಟ್ಲೆಂಡಿನಲ್ಲಿ ವೇರ್ ಕಂಪನಿಯವರು 1938ರಲ್ಲೇ ಒಂದು ಹೆಲಿಕಾಪ್ಟರ್ ಹಾರಿಸಿದ್ದರು, ಮರುವರ್ಷ ಇನ್ನೊಂದು. ಯುದ್ಧ ಬಂತು, ಆ ಕೆಲಸ ನಿಂತುಹೋಯಿತು. ಬ್ರಿಟಿಷರೇ ವಿನ್ಯಾಸ ಮಾಡಿದ ಹೆಲಿಕಾಪ್ಟರುಗಳಲ್ಲಿ ಹಾರಾಟ ಯೋಗ್ಯತೆಯ ಪ್ರಮಾಣಪತ್ರ ಪಡೆದ ಮೊದಲನೆಯದು, ರಾಯಲ್ ಏರ್ ಫೋರ್ಸಿನಲ್ಲಿ, ಅಂದರೆ ಬ್ರಿಟನ್ನಿನ ವಾಯುಪಡೆಯಲ್ಲಿ, ಸೇವೆಗೆ ಸೇರಿದ ಮೊದಲನೆಯದು ಸಿಕಮೋರ್. ಪ್ರಯೋಗಕ್ಕೆಂದು ಹಾರುವುದು ಬೇರೆ, ದಿನಾ ಬೆಳಗಾದರೆ ಕೆಲಸಕ್ಕೆ ಹೋಗುವುದು ಬೇರೆ. ಸಿಕಮೋರ್ ಎರಡನೆಯದನ್ನು ಸಾಧಿಸಿತು.

ಈಗ ಅದನ್ನು ಮಾಡಿದ ಮನುಷ್ಯನ ಬಗ್ಗೆ. ರಾವುಲ್ ಹಾಫ್ನರ್ ಹುಟ್ಟಿದ್ದು 1905ರಲ್ಲಿ, ಆಸ್ಟ್ರಿಯಾದ ವಿಯೆನ್ನಾದಲ್ಲಿ. ಇಪ್ಪತ್ತನಾಲ್ಕು ಇಪ್ಪತ್ತೈದರ ವಯಸ್ಸಿಗೇ ಅಲ್ಲಿ ಎರಡು ಹೆಲಿಕಾಪ್ಟರುಗಳನ್ನು ಕಟ್ಟಿದ್ದರು. ಹಣ ಹಾಕಿದವರು ಸ್ಕಾಟ್ಲೆಂಡಿನ ಹತ್ತಿ ಉದ್ಯಮದ ಸಿರಿವಂತರೊಬ್ಬರು. ಆ ಯಂತ್ರಗಳು ನೆಲ ಬಿಟ್ಟು ಹೆಚ್ಚು ಮೇಲೇರಲಿಲ್ಲ. ಆದರೆ ಹಾಫ್ನರ್ ಅವುಗಳಿಂದ ಕಲಿತದ್ದು ಬಹಳ. ಬ್ಲೇಡಿನ ಕೋನವನ್ನು ಬದಲಾಯಿಸುವುದು ಹೇಗೆ ಎಂಬುದೇ ಇಡೀ ಸಮಸ್ಯೆಯ ತಿರುಳು ಎಂದು ಅವರಿಗೆ ಆಗಲೇ ಹೊಳೆದಿತ್ತು. 1930ರ ದಶಕದ ಮೊದಲ ಭಾಗದಲ್ಲಿ ಅವರು ಇಂಗ್ಲೆಂಡಿಗೆ ಬಂದರು, 1935ರಲ್ಲಿ ಎ.ಆರ್. 3 ಎಂಬ ಜೈರೋಪ್ಲೇನ್ ಮಾಡಿದರು. ಜೈರೋಪ್ಲೇನಿನಲ್ಲಿ ಮೇಲಿನ ರೋಟರನ್ನು, ಅಂದರೆ ಸುತ್ತುವ ಬ್ಲೇಡುಗಳ ಚಕ್ರವನ್ನು, ಎಂಜಿನ್ ತಿರುಗಿಸುವುದಿಲ್ಲ, ಮುಂದೆ ಸಾಗುವಾಗ ಬೀಸುವ ಗಾಳಿಯೇ ತಿರುಗಿಸುತ್ತದೆ. ಹೆಲಿಕಾಪ್ಟರಿಗೆ ಬೇಕಾದ ನಿಯಂತ್ರಣ ವ್ಯವಸ್ಥೆಯನ್ನು ಹಾಫ್ನರ್ ಈ ಸುಲಭದ ಯಂತ್ರದ ಮೇಲೆ ಮೊದಲು ಪಳಗಿಸಿಕೊಂಡರು.

1940ರಲ್ಲಿ ಏನಾಯಿತು ನೋಡಿ. ಆಸ್ಟ್ರಿಯಾದಲ್ಲಿ ಹುಟ್ಟಿದವರು ಎಂಬ ಕಾರಣಕ್ಕೆ ಹಾಫ್ನರ್ ಅವರನ್ನು ಶತ್ರುದೇಶದ ಪ್ರಜೆಯೆಂದು ಬಂಧನ ಶಿಬಿರದಲ್ಲಿ ಇಟ್ಟರು. ಬ್ರಿಟಿಷ್ ಪೌರತ್ವ ಸಿಕ್ಕಿ ಹೊರಬಂದ ಮೇಲೆ ಅದೇ ಸರ್ಕಾರಕ್ಕೆ ಅವರ ತಲೆ ಬೇಕಾಯಿತು. ಮ್ಯಾಂಚೆಸ್ಟರ್ ಬಳಿಯ ರಿಂಗ್‌ವೇಯಲ್ಲಿ ಪ್ಯಾರಾಟ್ರೂಪ್ ಪ್ರಯೋಗಗಳು ನಡೆಯುತ್ತಿದ್ದವು. ಧುಮುಕಿದ ಸೈನಿಕ ಗಾಳಿ ಒಯ್ದ ಕಡೆಗೆ ಹೋಗದೆ ತಾನು ಬಯಸಿದ ಜಾಗದಲ್ಲಿ ಇಳಿಯುವಂತಾಗಬೇಕು ಎಂದು ಹಾಫ್ನರ್ ಒಬ್ಬನೇ ಕೂರುವ ಪುಟ್ಟ ರೋಟರ್ ಯಂತ್ರ ಮಾಡಿದರು. ಅದರ ಹೆಸರು ರೋಟಾಚ್ಯೂಟ್. 1942ರಲ್ಲಿ ಅದರಲ್ಲಿ ಮನುಷ್ಯ ಕೂತು ಹಾರಿದ.

ಇಲ್ಲಿ ಒಂದು ಕ್ಷಣ ದಾರಿ ಬಿಟ್ಟು ಆಚೆ ಹೋಗುತ್ತೇನೆ, ಈ ಪ್ರಸಂಗವನ್ನು ಬಿಡಲು ಮನಸ್ಸು ಬರುವುದಿಲ್ಲ. ರೋಟಾಚ್ಯೂಟ್ ಹಾರಿತಲ್ಲ, ಹಾಗಾದರೆ ಜೀಪನ್ನೇ ಯಾಕೆ ಹಾರಿಸಬಾರದು ಎಂಬ ಪ್ರಶ್ನೆ ಎದ್ದಿತು. ಒಂದು ವಿಲ್ಲೀಸ್ ಜೀಪಿನ ಮೇಲೆ ರೋಟರ್ ಕೂರಿಸಿ, ಹಿಂದೆ ಬಾಲ ಕಟ್ಟಿ, ಮೊದಲು ಲಾರಿಯ ಹಿಂದೆ, ಆಮೇಲೆ ಬೆಂಟ್ಲಿ ಕಾರಿನ ಹಿಂದೆ ಹಗ್ಗ ಹಾಕಿ ಎಳೆದರು. 1943ರ ನವೆಂಬರಿನಲ್ಲಿ ಅದು ನೆಲ ಬಿಟ್ಟಿತು. ಮರುವರ್ಷ ವಿಟ್ಲಿ ಬಾಂಬರ್ ವಿಮಾನದ ಹಿಂದೆ ಕಟ್ಟಿ ಆಕಾಶಕ್ಕೂ ಏರಿಸಿದರು. ಒಳಗೆ ಇಬ್ಬರು. ಒಬ್ಬನ ಕೈಯಲ್ಲಿ ಜೀಪಿನ ಸ್ಟಿಯರಿಂಗ್, ಇನ್ನೊಬ್ಬನ ಕೈಯಲ್ಲಿ ರೋಟರಿನ ಸನ್ನೆ. ಆ ಸನ್ನೆ ಕೈಗೆ ನಿಲ್ಲದೆ ಒದ್ದಾಡುತ್ತಿತ್ತು, ಇಳಿಯುವ ಹೊತ್ತಿಗೆ ಪೈಲಟ್ ಬಸವಳಿದು ಹೋಗಿದ್ದ. ಜೀಪು ಹೊರುವಷ್ಟು ದೊಡ್ಡ ಗ್ಲೈಡರುಗಳು ಬಂದ ಮೇಲೆ ಈ ಪ್ರಯೋಗ ಕೈಬಿಟ್ಟುಹೋಯಿತು. ಇಂಥದ್ದನ್ನು ಹುಚ್ಚು ಎನ್ನುವವರಿದ್ದಾರೆ, ನಾನು ಹಾಗೆ ಎನ್ನಲಾರೆ. ರೋಟರಿನ ಬ್ಲೇಡು ಗಾಳಿಯಲ್ಲಿ ಹೇಗೆ ಬಾಗುತ್ತದೆ, ಹೇಗೆ ನಡುಗುತ್ತದೆ ಎಂಬ ಅನುಭವ ಪುಸ್ತಕದಲ್ಲಿ ಸಿಗದ ಕಾಲ ಅದು. ಹಾಫ್ನರ್ ತಂಡ ಅದನ್ನು ಹೀಗೆಯೇ ಸಂಪಾದಿಸಿತು.

1944ರಲ್ಲಿ ಬ್ರಿಸ್ಟಲ್ ಏರೋಪ್ಲೇನ್ ಕಂಪನಿ ಫಿಲ್ಟನ್‌ನಲ್ಲಿ ಹೆಲಿಕಾಪ್ಟರ್ ವಿಭಾಗ ತೆರೆದು ಹಾಫ್ನರ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಆ ಹೊತ್ತಿಗೆ ಸಿಕೋರ್ಸ್ಕಿಯ ಆರ್-4 ಹೆಲಿಕಾಪ್ಟರುಗಳು ಹಾವರ್‌ಫ್ಲೈ ಎಂಬ ಹೆಸರಿನಲ್ಲಿ ಬ್ರಿಟನ್ನಿಗೆ ಬರತೊಡಗಿದ್ದವು. ಇತ್ತ ಯೊವಿಲ್‌ನ ವೆಸ್ಟ್‌ಲ್ಯಾಂಡ್ ಕಂಪನಿ ಯುದ್ಧ ಮುಗಿದ ಮೇಲೆ ಬೇರೆ ದಾರಿ ಹಿಡಿಯಿತು. ಸಿಕೋರ್ಸ್ಕಿಯಿಂದ ಪರವಾನಗಿ ಪಡೆದು, ಅವರ ಎಸ್-51 ಮಾದರಿಯನ್ನು ಡ್ರಾಗನ್‌ಫ್ಲೈ ಎಂದು ಹೆಸರಿಟ್ಟು ತಯಾರಿಸಿತು. ಇದು ಜಾಣ ವ್ಯಾಪಾರ. ನಮ್ಮ ಎಚ್‌ಎಎಲ್ ಕೂಡ ಫ್ರಾನ್ಸಿನ ಆಲುಯೆಟ್ 3 ಮಾದರಿಯನ್ನು ಬೆಂಗಳೂರಿನಲ್ಲಿ ತಯಾರಿಸಿ ಚೇತಕ್ ಎಂದು ಕರೆದದ್ದು ಇದೇ ದಾರಿಯಲ್ಲಿ. ಬ್ರಿಸ್ಟಲ್ ಮಾತ್ರ ಎಲ್ಲವನ್ನೂ ತಾನೇ ಯೋಚಿಸಿ, ತಾನೇ ಕಟ್ಟಲು ಹೊರಟಿತು. ಟೈಪ್ 171 ಎಂದು ಅದರ ಅಂಕಿತ, ಮುಂದೆ ಸಿಕಮೋರ್ ಆದದ್ದು ಅದೇ.

ಈಗ ನಾನು ಹೇಳಲೇಬೇಕೆಂದಿರುವ ಭಾಗಕ್ಕೆ ಬರುತ್ತೇನೆ. ಸ್ವಲ್ಪ ಯಂತ್ರಶಾಸ್ತ್ರ ಇದೆ, ತಾಳ್ಮೆಯಿಂದ ಕೇಳಿ.

ಹೆಲಿಕಾಪ್ಟರಿನ ಬ್ಲೇಡ್ ಎರಡು ಕೆಲಸವನ್ನು ಒಟ್ಟಿಗೆ ಮಾಡಬೇಕು. ಒಂದು, ವೇಗವಾಗಿ ಸುತ್ತುವುದು. ಇನ್ನೊಂದು, ಸುತ್ತುತ್ತಿರುವಾಗಲೇ ತನ್ನ ಉದ್ದದ ಅಕ್ಷದ ಮೇಲೆ ಕೆಲವು ಡಿಗ್ರಿ ಅತ್ತಿತ್ತ ಹೊರಳುವುದು. ಎಲ್ಲ ಬ್ಲೇಡುಗಳೂ ಒಟ್ಟಿಗೆ ಕೋನ ಹೆಚ್ಚಿಸಿಕೊಂಡರೆ ಯಂತ್ರ ಮೇಲೇರುತ್ತದೆ. ಪ್ರತಿ ಸುತ್ತಿನಲ್ಲಿ ಒಂದು ಬದಿಗೆ ಬಂದಾಗ ಹೆಚ್ಚು, ಎದುರು ಬದಿಗೆ ಬಂದಾಗ ಕಡಿಮೆ ಆದರೆ ಯಂತ್ರ ಒಂದು ದಿಕ್ಕಿಗೆ ವಾಲಿ ಸಾಗುತ್ತದೆ. ಅಂದರೆ ಸಾಗುವ ಹೆಲಿಕಾಪ್ಟರಿನ ಪ್ರತಿ ಬ್ಲೇಡೂ ಪ್ರತಿ ಸುತ್ತಿನಲ್ಲೂ ಒಮ್ಮೆ ಹೊರಳಿ ಹಿಂದಕ್ಕೆ ಬರುತ್ತದೆ, ನಿಮಿಷಕ್ಕೆ ನೂರಾರು ಸಲ.

ಕವಣೆಯಲ್ಲಿ ಕಲ್ಲಿಟ್ಟು ಬೀಸಿದವರಿಗೆ ಗೊತ್ತು, ಕಲ್ಲು ಎಷ್ಟು ಚಿಕ್ಕದಾದರೂ ಕೈಯನ್ನು ಹೇಗೆ ಎಳೆಯುತ್ತದೆ ಎಂದು. ರೋಟರಿನ ಬ್ಲೇಡು ತನ್ನ ಬುಡವನ್ನು ಹಾಗೆಯೇ ಎಳೆಯುತ್ತದೆ, ಆದರೆ ಟನ್ನುಗಟ್ಟಲೆ ಬಲದಿಂದ. ಇಷ್ಟು ಎಳೆತವನ್ನು ತಡೆದುಕೊಂಡೇ ಬ್ಲೇಡ್ ಸಲೀಸಾಗಿ ಹೊರಳಬೇಕು ಎಂದರೆ ಬುಡದಲ್ಲಿ ಬೇರಿಂಗ್ ಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬೇರಿಂಗಿನ ಗುಂಡುಗಳು ಪೂರ್ತಿ ಸುತ್ತು ತಿರುಗುವಾಗ ಚೆನ್ನಾಗಿ ಬಾಳುತ್ತವೆ. ಭಾರಿ ಒತ್ತಡದಲ್ಲಿ ಅದೇ ಜಾಗದಲ್ಲಿ ಸ್ವಲ್ಪ ಸ್ವಲ್ಪ ಅಲ್ಲಾಡುತ್ತಿದ್ದರೆ ಕುಳಿ ಬೀಳುತ್ತದೆ, ಗ್ರೀಸ್ ಹೊರಹೋಗುತ್ತದೆ, ಬೇಗ ಹಾಳಾಗುತ್ತವೆ.

ಹಾಫ್ನರ್ ಮಾಡಿದ್ದು ಇಷ್ಟು. ಎಳೆತವನ್ನು ಹೊರುವ ಕೆಲಸವನ್ನು ಬೇರಿಂಗಿನಿಂದ ಕಿತ್ತು ಒಂದು ತೆಳುವಾದ, ಉದ್ದನೆಯ ಉಕ್ಕಿನ ಕಂಬಿಗೆ ಕೊಟ್ಟರು. ಕಂಬಿಯ ಒಂದು ತುದಿ ರೋಟರಿನ ನಡುವಿನ ಗುಂಬಕ್ಕೆ ಬಿಗಿ, ಇನ್ನೊಂದು ತುದಿ ಬ್ಲೇಡಿಗೆ ಬಿಗಿ. ಬ್ಲೇಡ್ ಹೊರಳಿದಾಗ ಎಲ್ಲೂ ಏನೂ ಜಾರುವುದಿಲ್ಲ, ಕಂಬಿಯೇ ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಉಕ್ಕಿಗೆ ತನ್ನ ಮಿತಿಯೊಳಗೆ ತಿರುಚಿಕೊಳ್ಳುವುದು ಭಾರವಲ್ಲ. ಎಳೆತಕ್ಕೆ ಅತ್ಯಂತ ಗಟ್ಟಿ, ತಿರುಚುವಿಕೆಗೆ ಅತ್ಯಂತ ಮೃದು. ಸಿಕಮೋರಿನ ಮೂರೂ ಬ್ಲೇಡುಗಳು ನಿಂತದ್ದು ಇಂಥ ಕಂಬಿಗಳ ಮೇಲೆ. ಜಾರುವ ಭಾಗಕ್ಕೆ ಬದಲಾಗಿ ಬಾಗುವ, ತಿರುಚುವ ವಸ್ತುವನ್ನು ನಂಬುವ ಈ ಯೋಚನೆ ಮುಂದೆ ನಾನಾ ರೂಪಗಳಲ್ಲಿ ಬೆಳೆಯಿತು. ಬೆಂಗಳೂರಿನಲ್ಲೇ ರೂಪುಗೊಂಡ ಧ್ರುವ್ ಹೆಲಿಕಾಪ್ಟರಿನ ರೋಟರಿನಲ್ಲಿ ರಬ್ಬರಿನಂಥ ಪದರಗಳ ಬೇರಿಂಗುಗಳಿವೆ. ವಸ್ತು ಬೇರೆ, ಕಾಲ ಬೇರೆ, ಆದರೆ ಪ್ರಶ್ನೆ ಅದೇ, ಉತ್ತರದ ಜಾಡೂ ಅದೇ.

ಬ್ಲೇಡಿನ ವಿಷಯಕ್ಕೆ ಬಂದಾಗ ಹಾಫ್ನರ್ ಮರವನ್ನು ಆರಿಸಿಕೊಂಡರು. ಇದನ್ನು ಕೇಳಿದ ಕೂಡಲೇ ಈಗಿನವರು ಹುಬ್ಬೇರಿಸುತ್ತಾರೆ. 1947ರ ಇಂಗ್ಲೆಂಡಿನಲ್ಲಿ ನಿಂತು ಯೋಚಿಸಿ. ಪದೇಪದೇ ಬಾಗುವ ಲೋಹದಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯುತ್ತದೆ ಎಂಬ ಭಯ ಆಗ ಎಲ್ಲ ವಿಮಾನ ಎಂಜಿನಿಯರುಗಳನ್ನೂ ಕಾಡತೊಡಗಿತ್ತು. ಮರ ಹಾಗಲ್ಲ, ಕೋಟ್ಯಂತರ ಸಲ ಬಾಗಿದರೂ ಸಹಿಸಿಕೊಳ್ಳುತ್ತದೆ. ಪದರ ಪದರವಾಗಿ ಅಂಟಿಸಿದರೆ ಬೇಕಾದ ಕಡೆ ಬೇಕಾದಷ್ಟು ಗಟ್ಟಿತನ ಕೊಡಬಹುದು. ಯುದ್ಧಕಾಲದ ಮೊಸ್ಕಿಟೋ ವಿಮಾನದ ಒಡಲೇ ಮರದ್ದು, ಆ ಕೆಲಸ ಬಲ್ಲ ಬಡಗಿಗಳು ಇಂಗ್ಲೆಂಡಿನಲ್ಲಿ ಬೇಕಾದಷ್ಟಿದ್ದರು. ಆ ದಿನಕ್ಕೆ ಆ ಆಯ್ಕೆ ಸರಿಯಾಗಿಯೇ ಇತ್ತು ಎಂದು ನಾನು ನಂಬುತ್ತೇನೆ.

1947ರ ಜುಲೈ 27ರಂದು ಮೊದಲ ಮಾದರಿ ಹಾರಿತು. ಹಾರಿಸಿದವರು ಅಲನ್ ಮಾರ್ಷ್, ಜೈರೋಪ್ಲೇನ್ ಕಾಲದಿಂದಲೂ ಪಳಗಿದ ಕೈ. ಈ ಹೆಲಿಕಾಪ್ಟರಿಗೆಂದು ನಿಗದಿಯಾಗಿದ್ದ ಆಲ್ವಿಸ್ ಲಿಯೊನೈಡಿಸ್ ಎಂಜಿನ್ ಇನ್ನೂ ಸಿದ್ಧವಾಗಿರಲಿಲ್ಲ, ಹಾಗಾಗಿ ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ ಹಾಕಿಕೊಂಡು ಹಾರಬೇಕಾಯಿತು. ಮಾರ್ಷ್ ಮೂರು ವರ್ಷಗಳ ನಂತರ, 1950ರ ಜೂನಿನಲ್ಲಿ, ಸಿಯರ್ವಾ ಕಂಪನಿಯ ಏರ್ ಹಾರ್ಸ್ ಎಂಬ ಮೂರು ರೋಟರಿನ ದೈತ್ಯ ಹೆಲಿಕಾಪ್ಟರ್ ಬಿದ್ದಾಗ ತೀರಿಕೊಂಡರು. ಆ ತಲೆಮಾರಿನ ಪರೀಕ್ಷಾ ಪೈಲಟುಗಳ ಹೆಸರು ಹೇಳಿದಾಗಲೆಲ್ಲ ಇಂಥದ್ದೊಂದು ವಾಕ್ಯ ಸೇರಿಸಬೇಕಾಗಿ ಬರುತ್ತದೆ.

1949ರ ಏಪ್ರಿಲಿನಲ್ಲಿ ಎರಡನೆಯ ಮಾದರಿಗೆ ಹಾರಾಟ ಯೋಗ್ಯತೆಯ ಪ್ರಮಾಣಪತ್ರ ಸಿಕ್ಕಿತು. ಅದೇ ಸೆಪ್ಟೆಂಬರಿನಲ್ಲಿ ಲಿಯೊನೈಡಿಸ್ ಎಂಜಿನಿನ ಮಾದರಿ ಹಾರಿತು. ಒಂಬತ್ತು ಸಿಲಿಂಡರುಗಳ, 550 ಅಶ್ವಶಕ್ತಿಯ ಪಿಸ್ಟನ್ ಎಂಜಿನ್ ಅದು. ಚೇತಕ್ ಸದ್ದು ಕೇಳಿ ಬೆಳೆದ ನಮಗೆ ಹೆಲಿಕಾಪ್ಟರ್ ಎಂದರೆ ಟರ್ಬೈನಿನ ಕೀರಲು ಕಿವಿಗೆ ಬರುತ್ತದೆ. ಸಿಕಮೋರಿನಲ್ಲಿ ಟರ್ಬೈನ್ ಇರಲಿಲ್ಲ. ಪೆಟ್ರೋಲ್ ಕುಡಿಯುವ, ಭಾರವಾದ, ಬಿಸಿ ದೇಶದಲ್ಲಿ ಬೇಗ ಸೋಲುವ ಎಂಜಿನ್. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಚ್ಚು ಸಂಖ್ಯೆಯಲ್ಲಿ ತಯಾರಾದದ್ದು ನಾಲ್ಕನೆಯ ಮಾದರಿ. ನಾಲ್ಕು ಬಾಗಿಲು, ಐದು ಜನರ ಜಾಗ. ಹಿಂದಿನ ಮಾದರಿಯಲ್ಲಿ ಪೈಲಟ್ ಎಡಗಡೆ ಕೂರುತ್ತಿದ್ದ, ಇದರಲ್ಲಿ ಬಲಕ್ಕೆ ಬಂದ. ರೋಟರಿನ ವ್ಯಾಸ 14.8 ಮೀಟರ್, ತುಂಬಿದ ತೂಕ ಸುಮಾರು 2,540 ಕಿಲೋ, ಗರಿಷ್ಠ ವೇಗ ಗಂಟೆಗೆ 200 ಕಿಲೋಮೀಟರಿನ ಆಸುಪಾಸು. ಆಂಬುಲೆನ್ಸ್ ರೂಪದಲ್ಲಿ ಎರಡು ಸ್ಟ್ರೆಚರುಗಳನ್ನು ಅಡ್ಡಡ್ಡ ಇಡಬೇಕಿತ್ತು. ಒಡಲಿನ ಅಗಲಕ್ಕಿಂತ ಸ್ಟ್ರೆಚರ್ ಉದ್ದ, ಹಾಗಾಗಿ ಎರಡೂ ಬದಿಗೆ ಪಾರದರ್ಶಕ ಉಬ್ಬುಗಳನ್ನು ಕೂರಿಸಿದರು. ಗಾಯಾಳುವಿನ ತಲೆ ಒಂದು ಉಬ್ಬಿನಲ್ಲಿ, ಪಾದ ಇನ್ನೊಂದರಲ್ಲಿ. ಬಹುಪಯೋಗಿ ಹೆಲಿಕಾಪ್ಟರ್ ಎಂಬ ಮಾತು ಕೇಳಲು ಸಲೀಸು. ಒಂದೇ ಪುಟ್ಟ ಪೆಟ್ಟಿಗೆಯಲ್ಲಿ ರೋಗಿಯನ್ನೂ ಸೇನಾಧಿಕಾರಿಯನ್ನೂ ಸಿಡಿಗುಂಡನ್ನೂ ಹೊರಬೇಕು ಎಂದಾಗ ಒಂದೊಂದು ಅಂಗುಲಕ್ಕೂ ಹೀಗೆ ಜಗಳವಾಡಬೇಕಾಗುತ್ತದೆ.

ಸಿಕಮೋರಿಗೆ ಒಳ್ಳೆಯ ಹೆಸರು ಬಂದದ್ದು ಸಮುದ್ರದಿಂದ. 1952ರಲ್ಲಿ ಕಾರ್ನ್‌ವಾಲ್‌ನ ಸೇಂಟ್ ಮಾಗನ್‌ನಲ್ಲಿ ವಾಯುಪಡೆಯ ಕರಾವಳಿ ವಿಭಾಗವಾದ ಕೋಸ್ಟಲ್ ಕಮಾಂಡ್ ಕೆಲವು ಸಿಕಮೋರುಗಳನ್ನು ಪ್ರಯೋಗಿಸಿ ನೋಡಿತು. 1953ರಲ್ಲಿ ಯಾರ್ಕ್‌ಶೈರಿನ ಲಿಂಟನ್-ಆನ್-ಔಸ್‌ನಲ್ಲಿ 275ನೇ ಸ್ಕ್ವಾಡ್ರನ್ ಮತ್ತೆ ಸ್ಥಾಪನೆಯಾಯಿತು. ರಾಯಲ್ ಏರ್ ಫೋರ್ಸ್ ಬ್ರಿಟನ್ನಿನಲ್ಲಿ ಶೋಧ ಮತ್ತು ರಕ್ಷಣೆಗೆಂದೇ ಕಟ್ಟಿದ ಮೊದಲ ಹೆಲಿಕಾಪ್ಟರ್ ಸ್ಕ್ವಾಡ್ರನ್ ಅದು. ಉದ್ದೇಶ ಸೈನ್ಯದ್ದೇ. ಜೆಟ್ ವಿಮಾನಗಳ ಪೈಲಟುಗಳು ಉತ್ತರ ಸಮುದ್ರದ ಮೇಲೆ ಹೊರಗೆ ಚಿಮ್ಮಬೇಕಾಗಿ ಬಂದರೆ ಆ ತಣ್ಣೀರಿನಲ್ಲಿ ಬದುಕುವ ಹೊತ್ತು ಬಹಳ ಕಡಿಮೆ. ದೋಣಿ ತಲುಪುವುದರೊಳಗೆ ಮುಗಿದಿರುತ್ತದೆ. ಆದರೆ ಹಳದಿ ಬಣ್ಣದ ಹೆಲಿಕಾಪ್ಟರೊಂದು ಕರಾವಳಿಯಲ್ಲಿ ಸದಾ ಸಿದ್ಧವಾಗಿ ನಿಂತಿದೆ ಎಂದಾದ ಮೇಲೆ ಕರೆ ಕೊಡುವವರು ಪೈಲಟುಗಳಷ್ಟೇ ಆಗಿ ಉಳಿಯಲಿಲ್ಲ. ಭರತಕ್ಕೆ ಸಿಕ್ಕಿ ಬಂಡೆಯ ಮೇಲೆ ಉಳಿದವರು, ಗಾಳಿಗೆ ತೇಲಿಹೋದ ಈಜುಗಾರರು, ಹಡಗಿನಲ್ಲಿ ಕಾಯಿಲೆ ಬಿದ್ದ ನಾವಿಕರು. ಸೈನ್ಯಕ್ಕೆಂದು ಇಟ್ಟ ಯಂತ್ರವನ್ನು ಜನ ತಮ್ಮದು ಮಾಡಿಕೊಂಡರು. ರಾಯಲ್ ಏರ್ ಫೋರ್ಸಿನ ಹಳದಿ ಹೆಲಿಕಾಪ್ಟರುಗಳು ಮುಂದೆ ಆರು ದಶಕ ಬ್ರಿಟನ್ನಿನ ಕರಾವಳಿ ಕಾದವು. ಆ ಪರಂಪರೆಯ ಮೊದಲ ಹೆಲಿಕಾಪ್ಟರ್ ಸಿಕಮೋರ್ ಎಂಬುದು ನನಗೆ ಅದರ ಇತರ ಎಲ್ಲ ಹೆಗ್ಗಳಿಕೆಗಳಿಗಿಂತ ದೊಡ್ಡದು.

ಈಗ ಮಲಯಕ್ಕೆ ಹೋಗೋಣ. ಇವತ್ತಿನ ಮಲೇಷ್ಯಾದ ಪರ್ಯಾಯ ದ್ವೀಪ. 1948ರಿಂದ 1960ರವರೆಗೆ ಅಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳಿಗೂ ಬ್ರಿಟಿಷ್ ಆಡಳಿತಕ್ಕೂ ಯುದ್ಧ ನಡೆಯಿತು, ಅದನ್ನು ಅವರು ಯುದ್ಧ ಎನ್ನದೆ ತುರ್ತುಪರಿಸ್ಥಿತಿ ಎಂದು ಕರೆದರು. ಲಕ್ಷಾಂತರ ಹಳ್ಳಿಗರನ್ನು ಒಕ್ಕಲೆಬ್ಬಿಸಿ ತಂತಿಬೇಲಿಯ ಹೊಸ ಹಳ್ಳಿಗಳಲ್ಲಿ ಕೂಡಿಹಾಕಿದ ಯುದ್ಧ ಅದು. ಗೆರಿಲ್ಲಾಗಳ ತರಕಾರಿ ಪಾತಿಗಳ ಮೇಲೆ ಹೆಲಿಕಾಪ್ಟರುಗಳಿಂದ ಸಸ್ಯನಾಶಕ ಸಿಂಪಡಿಸಿದ್ದೂ ಉಂಟು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ವಿಮಾನಪ್ರಿಯರು ಬರೆದ ಬರಹಗಳಲ್ಲಿ ಮಲಯ ಎಂದರೆ ಬರೀ ಸಾಹಸದ ಹಿನ್ನೆಲೆ. ಒಂದು ಕಾಲದಲ್ಲಿ ವಸಾಹತು ಆಗಿದ್ದ ನೆಲದಲ್ಲಿ ನಿಂತು ಈ ಕಥೆ ಹೇಳುವವನು ಅದನ್ನು ಬಿಟ್ಟು ಮುಂದೆ ಹೋಗಬಾರದು.

ಆ ಕಾಡಿನ ಮರಗಳು ಇನ್ನೂರು ಅಡಿ ಎತ್ತರ. ಕೆಳಗೆ ಗಾಯಗೊಂಡ ಸೈನಿಕನನ್ನು ಕಟ್ಟಿಗೆಯ ಸ್ಟ್ರೆಚರಿನ ಮೇಲೆ ಹೊತ್ತು ರಸ್ತೆಗೆ ತರಲು ದಿನಗಳೇ ಬೇಕು. 1950ರಲ್ಲಿ ಕೆಲವೇ ಡ್ರಾಗನ್‌ಫ್ಲೈ ಹೆಲಿಕಾಪ್ಟರುಗಳ ಗಾಯಾಳು ಸಾಗಣೆ ತಂಡ ಅಲ್ಲಿ ಕೆಲಸ ಶುರು ಮಾಡಿತು. 1953ರಲ್ಲಿ ಅದು 194ನೇ ಸ್ಕ್ವಾಡ್ರನ್ ಆಯಿತು, 1954ರಿಂದ ಸಿಕಮೋರುಗಳು ಬಂದವು. ದಿನಗಳ ದಾರಿ ನಿಮಿಷಗಳಿಗೆ ಇಳಿಯಿತು.

ಪೈಲಟಿನ ಕಷ್ಟ ಏನೆಂದು ನೋಡಿ. ಬಿಸಿ ಗಾಳಿ ತೆಳು, ತೇವ ತುಂಬಿದರೆ ಇನ್ನೂ ತೆಳು. ತೆಳು ಗಾಳಿಯಲ್ಲಿ ಬ್ಲೇಡಿಗೆ ಹಿಡಿತ ಕಡಿಮೆ, ಪಿಸ್ಟನ್ ಎಂಜಿನಿಗೆ ಉಸಿರೂ ಕಡಿಮೆ. ಎರಡು ಕಡೆಯಿಂದಲೂ ನಷ್ಟ. ಬಯಲಿನಲ್ಲಾದರೆ ಸ್ವಲ್ಪ ಮುಂದೆ ಓಡಿ ವೇಗ ಪಡೆದು ಮೇಲೇರಬಹುದು, ಅದಕ್ಕೆ ಕಡಿಮೆ ಶಕ್ತಿ ಸಾಕು. ಸೈನಿಕರು ಮರ ಕಡಿದು ಮಾಡಿದ ಪುಟ್ಟ ಬಯಲು ಬಾವಿಯಂತೆ ಕಿರಿದು, ಅಲ್ಲಿಂದ ನೆಟ್ಟಗೆ ಇನ್ನೂರು ಅಡಿ ಏರಲೇಬೇಕು. ನೆಲದ ಹತ್ತಿರ ಕೆಳಗೆ ತಳ್ಳಿದ ಗಾಳಿ ಆಸರೆ ಕೊಡುತ್ತದೆ, ಕೆಲವೇ ಅಡಿ ಮೇಲೇರಿದರೆ ಆ ಆಸರೆಯೂ ಇಲ್ಲ. ಹಾಗಾಗಿ ಒಬ್ಬಿಬ್ಬರನ್ನು ಮಾತ್ರ ಹತ್ತಿಸಿಕೊಂಡು, ಇಂಧನವನ್ನೂ ಅಳೆದು ತುಂಬಿಸಿಕೊಂಡು ಹಾರುತ್ತಿದ್ದರು. ಮಧ್ಯದಲ್ಲಿ ಎಂಜಿನ್ ನಿಂತರೆ ಇಳಿಯಲು ಜಾಗವಿಲ್ಲ, ಕೆಳಗೆ ಮರಗಳ ನೆತ್ತಿ ಮಾತ್ರ.

ಇಲ್ಲೊಂದು ಸಣ್ಣ ಮಾತು. ಸಿಕಮೋರ್ ಯುರೋಪಿನ ಒಂದು ಮರ, ಅದರ ಬೀಜಕ್ಕೆ ರೆಕ್ಕೆಯಿದ್ದು ಗಿರಗಿರನೆ ಸುತ್ತುತ್ತ ನಿಧಾನವಾಗಿ ನೆಲಕ್ಕೆ ಬರುತ್ತದೆ. ಹೆಲಿಕಾಪ್ಟರಿಗೆ ಹೆಸರು ಬಂದದ್ದು ಅಲ್ಲಿಂದ. ಮಲಯದ ಆ ಎತ್ತರದ ಮರಗಳಲ್ಲಿ ಬಹುಪಾಲು ಡಿಪ್ಟೆರೊಕಾರ್ಪ್ ಕುಟುಂಬದವು, ಅವುಗಳಲ್ಲಿ ಹಲವಕ್ಕೆ ರೆಕ್ಕೆಯ ಬೀಜಗಳೇ. ಅದೇ ಕುಟುಂಬದ ಮರಗಳು ನಮ್ಮ ಪಶ್ಚಿಮ ಘಟ್ಟದಲ್ಲೂ ಇವೆ, ಮಲೆನಾಡಿನವರು ಆ ಬೀಜ ಸುತ್ತುತ್ತ ಬೀಳುವುದನ್ನು ನೋಡಿರುತ್ತೀರಿ. ಎಂಜಿನ್ ನಿಂತ ಹೆಲಿಕಾಪ್ಟರ್ ಬೀಳುವ ಗಾಳಿಯಿಂದಲೇ ರೋಟರನ್ನು ತಿರುಗಿಸಿಕೊಂಡು ಇಳಿಯುವುದು ಇದೇ ನಿಯಮದ ಮೇಲೆ.

ಮಲಯದಲ್ಲಿ ಮರದ ಬ್ಲೇಡುಗಳು ಸೋತವು. ಇಂಗ್ಲೆಂಡಿನ ಹವೆಗೆ ಒಣಗಿಸಿ, ಅಂಟಿಸಿ, ಮೂರು ಮೂರರ ಜೊತೆಯಾಗಿ ತೂಕ ಹೊಂದಿಸಿದ ಬ್ಲೇಡುಗಳು ಅವು. ಉರಿಬಿಸಿಲಲ್ಲಿ ನಿಂತು ಕಾಯುತ್ತವೆ, ಮಧ್ಯಾಹ್ನದ ಮಳೆಗೆ ನೆನೆಯುತ್ತವೆ, ಗಾಳಿಯ ತೇವ ಹೀರುತ್ತವೆ. ಒಂದು ಬ್ಲೇಡ್ ಇನ್ನೊಂದಕ್ಕಿಂತ ಸ್ವಲ್ಪ ಹೆಚ್ಚು ನೀರು ಹೀರಿದರೂ ತೂಕದ ಸಮತೋಲ ಕೆಡುತ್ತದೆ, ಆಕಾರ ಕೂದಲೆಳೆಯಷ್ಟು ಬದಲಾದರೂ ನಡುಕ ಹುಟ್ಟುತ್ತದೆ. ಕೊನೆಕೊನೆಗೆ ಅಂಟಿನ ಬಂಧವನ್ನೇ ನಂಬುವಂತಿರಲಿಲ್ಲ. ಅಪಘಾತಗಳಾದವು, ಜೀವಗಳು ಹೋದವು. 1950ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಸಿಕಮೋರುಗಳ ಹಾರಾಟವನ್ನು ತಡೆಹಿಡಿಯಬೇಕಾಯಿತು. 1959ರಲ್ಲಿ 194ನೇ ಸ್ಕ್ವಾಡ್ರನ್, ವರ್ಲ್‌ವಿಂಡ್ ಹೆಲಿಕಾಪ್ಟರುಗಳಿದ್ದ 155ನೇ ಸ್ಕ್ವಾಡ್ರನ್ನಿನ ಜೊತೆ ಸೇರಿ 110ನೇ ಸ್ಕ್ವಾಡ್ರನ್ ಆಯಿತು.

ಇದರಲ್ಲಿ ನನಗೆ ನೋವು ತರುವ ಸಂಗತಿ ಒಂದೇ. ಬುಡದ ಕಂಬಿಗೆ ಹಾಫ್ನರ್ ಕೊಟ್ಟ ಗಮನ ಅಸಾಧಾರಣ. ಆದರೆ ಆ ಬ್ಲೇಡು ಯಾವ ಊರಿನ ಮಳೆಯಲ್ಲಿ ನೆನೆಯುತ್ತದೆ ಎಂಬ ಪ್ರಶ್ನೆಗೆ ವಿನ್ಯಾಸದ ಮೇಜಿನ ಮೇಲೆ ಜಾಗ ಇರಲಿಲ್ಲ. ಸಮಭಾಜಕದ ಪಕ್ಕದಲ್ಲಿ ಸಾಮ್ರಾಜ್ಯ ಇಟ್ಟುಕೊಂಡ ದೇಶ, ತನ್ನ ಸೈನ್ಯಕ್ಕೆ ಕೊಡುವ ಯಂತ್ರವನ್ನು ಆ ಹವೆಯಲ್ಲಿ ವರ್ಷಗಟ್ಟಲೆ ಇಟ್ಟು ನೋಡಿ ಆಮೇಲೆ ಕೊಡಬೇಕಿತ್ತು. ಮರ ತಪ್ಪಲ್ಲ. ಮರವನ್ನು ಒಯ್ದ ಜಾಗ ತಪ್ಪು.

ಆಗ ಬ್ರಿಟಿಷರ ಕೈಯಲ್ಲಿದ್ದ ಸೈಪ್ರಸ್ ದ್ವೀಪದಲ್ಲಿ ಕಥೆ ಬೇರೆ. ಅಲ್ಲಿ ಒಣ ಹವೆ, ಆದರೆ ಎತ್ತರದ ಟ್ರೂಡೋಸ್ ಬೆಟ್ಟಗಳು. 284ನೇ ಸ್ಕ್ವಾಡ್ರನ್ನಿನ ಸಿಕಮೋರುಗಳು ಇಳಿಯಲು ಜಾಗವಿಲ್ಲದ ಏಣುಗಳ ಮೇಲೆ ತೂಗಿ ನಿಂತು ಸೈನಿಕರನ್ನು ಹಗ್ಗದಲ್ಲಿ ಇಳಿಸುತ್ತಿದ್ದವು. ಇವತ್ತು ಎಲ್ಲ ದೇಶದ ಕಮಾಂಡೋಗಳೂ ಮಾಡುವ ಕೆಲಸ, ಆಗ ಅಲ್ಲಿ ಹಾರುತ್ತ ಹಾರುತ್ತ ಕಲಿತದ್ದು.

ಇನ್ನು ಸೂಯೆಜ್, ಅಂದರೆ ಸೂಯೆಜ್ ಕಾಲುವೆಗಾಗಿ ಬ್ರಿಟನ್ ಮತ್ತು ಫ್ರಾನ್ಸ್ ಈಜಿಪ್ಟಿನ ಮೇಲೆ ಮಾಡಿದ ದಾಳಿ. 1956ರ ನವೆಂಬರ್ 6. ನಮ್ಮಲ್ಲಿ ಕನ್ನಡ ನಾಡು ಒಂದಾಗಿ ಐದೇ ದಿನ ಕಳೆದಿತ್ತು. ಆ ದಿನ ಪೋರ್ಟ್ ಸಯೀದ್ ಮೇಲೆ ಓಷನ್ ಮತ್ತು ಥೀಸಿಯಸ್ ಎಂಬ ಎರಡು ಹಡಗುಗಳಿಂದ ಹೆಲಿಕಾಪ್ಟರುಗಳು ಎದ್ದವು. ಹಡಗಿನಿಂದ ಹೆಲಿಕಾಪ್ಟರುಗಳ ಮೂಲಕ ಸೈನ್ಯವನ್ನು ನೇರ ಯುದ್ಧಭೂಮಿಗೆ ಇಳಿಸಿದ್ದು ಚರಿತ್ರೆಯಲ್ಲಿ ಅದೇ ಮೊದಲು. ನೌಕಾಪಡೆಯ ವರ್ಲ್‌ವಿಂಡ್‌ಗಳ ಜೊತೆಗೆ, ಮಿಡ್ಲ್ ವಾಲಪ್‌ನಲ್ಲಿ ಭೂಸೇನೆ ಮತ್ತು ವಾಯುಪಡೆ ಕೂಡಿ ಕಟ್ಟಿದ್ದ ಪ್ರಾಯೋಗಿಕ ಹೆಲಿಕಾಪ್ಟರ್ ಘಟಕದ ಆರು ವರ್ಲ್‌ವಿಂಡ್, ಆರು ಸಿಕಮೋರ್. ಸಿಕಮೋರಿಗೆ ತಲಾ ಮೂವರು. ಆಸನ ಇಲ್ಲ, ಬಾಗಿಲು ಇಲ್ಲ, ತೂಕ ಉಳಿಸಲು ಎಲ್ಲ ಕಿತ್ತುಹಾಕಿದ್ದರು. ನಡುವೆ ಒಬ್ಬ ಕೂತು ಅಕ್ಕಪಕ್ಕದವರನ್ನು ಹಿಡಿದುಕೊಂಡಿದ್ದ, ಆ ಇಬ್ಬರ ಕಾಲುಗಳು ಹೊರಗೆ ನೇತಾಡುತ್ತಿದ್ದವು, ತೊಡೆಯ ಮೇಲೆ ಟ್ಯಾಂಕ್ ನಿರೋಧಕ ಗುಂಡುಗಳು. ಸುಮಾರು ಒಂದೂವರೆ ಗಂಟೆಯಲ್ಲಿ 45ನೇ ಕಮಾಂಡೋ ದಳದ ನಾನೂರಕ್ಕೂ ಹೆಚ್ಚು ಜನ ದಡ ಸೇರಿದರು. ಆ ಇಡೀ ದಂಡಯಾತ್ರೆ ಅನ್ಯಾಯದ್ದು, ನೆಹರೂ ಅದನ್ನು ಖಂಡಿಸಿದ್ದು ಸರಿಯಾಗಿತ್ತು. ಆದರೆ ಹೆಲಿಕಾಪ್ಟರಿನ ಮಟ್ಟಿಗೆ ಆ ಬೆಳಿಗ್ಗೆ ಸಾಬೀತಾದದ್ದನ್ನು ಪ್ರಪಂಚದ ಎಲ್ಲ ನೌಕಾಪಡೆಗಳೂ ಗಮನವಿಟ್ಟು ನೋಡಿದವು.

ನಾಗರಿಕ ಸಾರಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರಿಟಿಷ್ ಯುರೋಪಿಯನ್ ಏರ್‌ವೇಸ್ 1954ರಲ್ಲಿ ಹೀಥ್ರೂ ಮತ್ತು ಸೌತಾಂಪ್ಟನ್ ನಡುವೆ ಸಿಕಮೋರ್ ಓಡಿಸಿ ನೋಡಿತು. ಮೂರು ನಾಲ್ಕು ಜನರ ಟಿಕೆಟ್ಟಿನಲ್ಲಿ ಆ ಖರ್ಚು ಹುಟ್ಟುವುದು ಸಾಧ್ಯವಿರಲಿಲ್ಲ. ಹೊರದೇಶಗಳಲ್ಲಿ ಜರ್ಮನಿ ದೊಡ್ಡ ಗ್ರಾಹಕ, 50 ಕೊಂಡಿತು. ಆಸ್ಟ್ರೇಲಿಯಾದ ನೌಕಾಪಡೆಯ ಮೊದಲ ಹೆಲಿಕಾಪ್ಟರುಗಳು ಸಿಕಮೋರುಗಳೇ. ಬೆಲ್ಜಿಯಂ ಮೂರನ್ನು ಕಾಂಗೋಗೆ ಒಯ್ದಿತು. 1962ರ ಫೆಬ್ರವರಿಯಲ್ಲಿ ಹ್ಯಾಂಬರ್ಗ್ ನಗರಕ್ಕೆ ಸಮುದ್ರ ನುಗ್ಗಿದಾಗ ಮನೆಗಳ ಛಾವಣಿಯಿಂದ ಜನರನ್ನು ಎತ್ತಿದ ಸೇನಾ ಹೆಲಿಕಾಪ್ಟರುಗಳಲ್ಲಿ ಜರ್ಮನಿಯ ಸಿಕಮೋರುಗಳೂ ಇದ್ದವು. ಪ್ರವಾಹ ನೋಡಿದ ನಮ್ಮ ಉತ್ತರ ಕರ್ನಾಟಕದವರಿಗೆ, ಕೊಡಗಿನವರಿಗೆ ಛಾವಣಿಯ ಮೇಲೆ ನಿಂತು ಆ ಸದ್ದಿಗೆ ಕಾಯುವುದು ಎಂದರೇನು ಎಂದು ವಿವರಿಸಬೇಕಿಲ್ಲ.

ತಯಾರಿಕೆ 1959ರಲ್ಲಿ ನಿಂತಿತು. 1960ರಲ್ಲಿ ಬ್ರಿಸ್ಟಲ್ಲಿನ ಹೆಲಿಕಾಪ್ಟರ್ ವಿಭಾಗ ವೆಸ್ಟ್‌ಲ್ಯಾಂಡಿನ ಪಾಲಾಯಿತು. ಪರವಾನಗಿ ದಾರಿ ಹಿಡಿದವರು ಸ್ವಂತ ದಾರಿ ಹಿಡಿದವರನ್ನು ಕೊಂಡುಕೊಂಡರು. ಹಾಫ್ನರ್ ಅಲ್ಲಿ ತಾಂತ್ರಿಕ ನಿರ್ದೇಶಕರಾಗಿ 1970ರವರೆಗೆ ದುಡಿದರು. 1980ರಲ್ಲಿ ಹಾಯಿದೋಣಿಯ ಅಪಘಾತದಲ್ಲಿ ತೀರಿಕೊಂಡರು. ರಾಯಲ್ ಏರ್ ಫೋರ್ಸಿನ ಕೊನೆಯ ಸಿಕಮೋರುಗಳು ಲಂಡನ್ ಬಳಿಯ ನಾರ್ತೋಲ್ಟ್‌ನಲ್ಲಿ 32ನೇ ಸ್ಕ್ವಾಡ್ರನ್ನಿನಲ್ಲಿ ಅಧಿಕಾರಿಗಳನ್ನು ಹೊತ್ತು ಹಾರುತ್ತಿದ್ದವು, 1972ರ ಆಗಸ್ಟಿನಲ್ಲಿ ನಿವೃತ್ತವಾದವು. ಜರ್ಮನಿಗೆ ಹೋದ ಒಂದು ಸಿಕಮೋರನ್ನು ಆಸ್ಟ್ರಿಯಾದ ಸಾಲ್ಜ್‌ಬರ್ಗಿನ ಫ್ಲೈಯಿಂಗ್ ಬುಲ್ಸ್ ತಂಡ ದುರಸ್ತಿ ಮಾಡಿ ಮತ್ತೆ ಹಾರಿಸಿತು. ಹಾಫ್ನರ್ ಹುಟ್ಟಿದ ದೇಶದಲ್ಲಿ.

ಸಭೆಯಿಂದ ಒಂದು ಪ್ರಶ್ನೆ ಬಂದಿದೆ: ಮರದ ಬ್ಲೇಡು ಕೈಕೊಟ್ಟಿತು ಎಂದು ಗೊತ್ತಾದ ಮೇಲೆ ಲೋಹದ ಬ್ಲೇಡನ್ನು ಯಾಕೆ ಹಾಕಲಿಲ್ಲ?

ಒಳ್ಳೆಯ ಪ್ರಶ್ನೆ. ರೋಟರಿನಲ್ಲಿ ಬ್ಲೇಡನ್ನು ಮಾತ್ರ ಬದಲಾಯಿಸುವುದು ಸಾಧ್ಯವಿಲ್ಲ. ಬ್ಲೇಡಿನ ತೂಕ ಬದಲಾದರೆ ಎಳೆತ ಬದಲಾಗುತ್ತದೆ, ಆಗ ಬುಡದ ಕಂಬಿಯ ಲೆಕ್ಕವೂ ಬದಲಾಗಬೇಕು. ಬಾಗುವ ಗುಣ ಬದಲಾದರೆ ನಡುಕದ ಲಯ ಬದಲಾಗುತ್ತದೆ, ಆ ಲಯ ಒಡಲಿನ ಲಯದ ಜೊತೆ ಕೂಡಿಕೊಂಡರೆ ಹೆಲಿಕಾಪ್ಟರ್ ನೆಲದ ಮೇಲೇ ತನ್ನನ್ನು ತಾನು ಒಡೆದುಕೊಳ್ಳಬಲ್ಲದು. ಅಂದರೆ ಹೊಸ ರೋಟರನ್ನೇ ಮಾಡಿ, ಮೊದಲಿನಿಂದ ಪರೀಕ್ಷಿಸಬೇಕು. ತಯಾರಿಕೆ ಮುಗಿಯುತ್ತ ಬಂದ, ಟರ್ಬೈನ್ ಬಾಗಿಲಲ್ಲಿ ನಿಂತಿದ್ದ ಕಾಲದಲ್ಲಿ ಒಂದು ಪಿಸ್ಟನ್ ಹೆಲಿಕಾಪ್ಟರಿಗೆ ಅಷ್ಟು ಹಣ ಯಾರೂ ಹಾಕುವುದಿಲ್ಲ. ಆ ಶ್ರಮವೆಲ್ಲ ಹೋದದ್ದು ಹಾಫ್ನರ್ ಅವರ ಮುಂದಿನ ಯಂತ್ರಕ್ಕೆ. ಮೊದಲು ಎರಡು ಸಿಕಮೋರ್ ರೋಟರುಗಳನ್ನು ಹಿಂದೊಂದು ಮುಂದೊಂದು ಇಟ್ಟು ಟೈಪ್ 173 ಮಾಡಿದರು, 1952ರ ಜನವರಿಯಲ್ಲಿ ಅದು ಹಾರಿತು. ಅದರಿಂದ ಬೆಳೆದು ಬಂದದ್ದು ಎರಡು ಟರ್ಬೈನುಗಳ ಬೆಲ್ವೆಡೀರ್. ಅದರ ಮೊದಲ ಮಾದರಿಗಳೂ ಮರದ ಬ್ಲೇಡಿನಲ್ಲೇ ಹಾರಿದವು. ಸೇವೆಗೆ ಬಂದ ಬೆಲ್ವೆಡೀರ್‌ಗಳ ಬ್ಲೇಡು ಲೋಹದ್ದು. ಅವುಗಳನ್ನೂ ಕೊನೆಗೆ ಕಳಿಸಿದ್ದು ಏಡನ್‌ಗೆ, ಸಿಂಗಾಪುರಕ್ಕೆ, ಬೋರ್ನಿಯೋದ ಕಾಡಿಗೆ.